ಪೀನಟ್ಸ್ ಅಂದ್ರ

ಯಾದಗಿರಿ ಗಂಜಿನಾಗ ನಾ ಹದಿನಾರು ವರ್ಷದಿಂದ
ತೂಕ ಬರಕೊಳ್ಳಾಂವ.
ಚೀಲ ಎಷ್ಟು, ಹಮಾಲಿ ಎಷ್ಟು, ಅಡತಿ ಎಷ್ಟು.
ಇಂಗ್ಲಿಷು ಬೇಕಾಗಿದ್ದಿಲ್ಲ.
ಬೇಕಾದದ್ದು ಒಂದೇ ದಿನ.

ಮಾರ್ಚಿನ ಮಧ್ಯಾಹ್ನ. ಕೋಟೆಗುಡ್ಡ
ರೊಟ್ಟಿ ಹಾಕಬೇಕು, ಹಂಗ ಕಾದಿತ್ತು.
ಮೌಲಾಲಿ ಕೊಕ್ಕಿ ಹಾಕಿ ಜಗ್ಗಿದ ಜೋರಿಗೆ
ಚೀಲದ ಹೊಟ್ಟಿ ಹರದು
ಕಟ್ಟಿ ತುಂಬ ಶೇಂಗಾ,
ಗಂಟಿ ಹೊಡದ ಮ್ಯಾಲಿನ ಸಾಲಿ ಹುಡುಗರಂಗ.

ನೆಲಕ್ಕ ಬಿದ್ದದ್ದು ಕಸ ಹೊಡಿಯಾಕಿದು.
ಯಾವ ಬುಕ್ಕಿನಾಗೂ ಬರದಿಲ್ಲ ಇದು,
ಗಂಜಿಗೆಲ್ಲಾ ಗೊತ್ತು.
ಸಾಬಮ್ಮಗ ಪಗಾರ ಇಲ್ಲ.
ಕಸಬರಗಿನೇ ಆಕಿ ಹೊಲ, ದಿನಾ ಸಂಜಿಗೊಂದು ರಾಶಿ.

ಮರದಾಗ ಹಾಕಿ, ಮಣ್ಣು ಹಾರಿಸಿ,
ಹರಳು ಆರಿಸಿ, ಅರಿವ್ಯಾಗ ಗಂಟು ಕಟ್ಟೂದ್ರಾಗ
ಸಾವುಕಾರ ಗಾದಿ ಬಿಟ್ಟು ಎದ್ದ:
"ಏಯ್, ಇದು ಉದರಿದ್ದಲ್ಲ. ಚೀಲ ಹರದು ಬಿದ್ದದ್ದು.
ಇದು ಮಾಲು. ಇಡು ಕಾಟಾದ ಮ್ಯಾಲ."

ಎರಡು ಕಿಲೋ ಮುನ್ನೂರು ಗ್ರಾಂ.
ಅವತ್ತಿನ ಧಾರಣಿಗೆ
ನೂರಾ ಐವತ್ತಾರು ರೂಪಾಯಿ ನಲವತ್ತು ಪೈಸೆ.

"ಚೀಲದಾಗಿದ್ರ ಮಾಲು,
ನೆಲಕ್ಕ ಬಿದ್ರ ಶೇಂಗಾ" ಅಂದಳು ಸಾಬಮ್ಮ.
"ಮಾಲು ನಿಮ್ದು. ಶೇಂಗಾ ನಮ್ದು."
ಅರ್ಧ ತಾಸು ನಡೀತು.
ಎರಡು ಕಪ್ಪು ಚಾ ಆರಿ ಕೆನಿ ಕಟ್ಟಿದವು.

ಹೈದರಾಬಾದಿನ ಎಣ್ಣಿ ಕಂಪನಿ ಮನಷ್ಯಾ,
ಮುನ್ನೂರು ಚೀಲ ಒಯ್ಯಾಕ ಬಂದಾಂವ,
ಕಾರಿಗೆ ಒರಗಿ ಫೋನ್ ಹಚ್ಚಿದ್ದ.
ಗದ್ಲ ಕೇಳಿ ತಲಿ ಎತ್ತಿದ, ನಕ್ಕ:
"ಛೋಡೋಜೀ ಸೇಠ್, ದಟ್ಸ್ ಪೀನಟ್ಸ್!"

"ಏನಂದ್ರು ಸಾಹೇಬ್ರು?"
ಸಾಬಮ್ಮ ನನ್ನ ಕಡಿ ತಿರುಗಿದಳು.
ನಾ ಹತ್ತನೇತ್ತ ಎರಡು ಸಲ ಕುಂತು
ಎರಡೂ ಸಲ ಇಂಗ್ಲಿಷಿನಾಗೇ ಬಿದ್ದಾಂವ.
ಬಿದ್ದದ್ದು ಅವತ್ತು ಉಪಯೋಗಕ್ಕ ಬಂತು.
"ಅದು ಶೇಂಗಾ, ಅಂದ್ರು" ಅಂದೆ.

"ಕೇಳಿದ್ರಿಲ್ಲೋ ಸಾವುಕಾರ್ರ?
ದೂರದ ಸಾಹೇಬ್ರು, ನನ್ನ ಗುರ್ತಿಲ್ಲ ಪರಿಚಯಿಲ್ಲ,
ನೋಡಿದ ಕೂಡ್ಲೇ ನ್ಯಾಯ ಹೇಳಿದ್ರು. ಶೇಂಗಾ!"
ಕಾರಿಗೆ ಕೈ ಮುಗದು, ಗಂಟು ಕಂಕಳಿಗಿಟ್ಟು
ಹೊಂಟೇ ಬಿಟ್ಟಳು.
ಸಾವುಕಾರಗ ಇಂಗ್ಲಿಷು ಬರ್ತದ.
ಮುನ್ನೂರು ಚೀಲದ ಗಿರಾಕಿ ಎದುರಿಗಿದ್ದ.
ಆರಿದ ಚಾ ಕುಡದ.

ರಾತ್ರಿ ಬಾಜೂಮನಿ ಹುಡುಗಿ ದೇವಕೆಮ್ಮನ
ಡಿಕ್ಷನರಿ ಇಸಗೊಂಡೆ. ಮೊದಲಿಗೆ ಶೇಂಗಾನೇ ಇತ್ತು.
ಕೆಳಗ ಎರಡನೇ ಅರ್ಥ:
ಲೆಕ್ಕಕ್ಕ ಬಾರದ ರೊಕ್ಕ. ಜುಜುಬಿ.
ಉದಾಹರಣೆ ಸೈತ ಕೊಟ್ಟಿದ್ರು:
ಅವನು ಪೀನಟ್ಸಿಗೆ ದುಡಿಯುತ್ತಾನೆ.
ಯಾರಂವ, ಯಾವ ಗಂಜು, ಬರದಿಲ್ಲ.
ನನ್ನ ಗುರ್ತು ಅವರಿಗೆ ಹ್ಯಾಂಗ ಸಿಕ್ತು ಅಂತ
ದೀಪ ಆರಿಸಿ ವಿಚಾರ ಮಾಡಿದೆ.

ಈ ಮಾತು ಹುಟ್ಟಿಸಿದಾಂವ ಶೇಂಗಾ ತಿಂದಿದ್ದಾನು,
ಸುಲದಿದ್ದಿಲ್ಲ.
ಸಾಬಮ್ಮನ ಹೆಬ್ಬೆರಳಿನ ಉಗುರು ನೋಡಬೇಕು,
ನಡುವ ಸೀಳಿ ಎರಡು ಬ್ಯಾಳಿ ಆಗ್ಯಾದ.

ಯುಗಾದಿ ಮುಂದ ಪಗಾರ ಕೇಳಿದೆ.
ಸಾವುಕಾರ ಐನೂರು ಏರಿಸಿ, ಕನ್ನಡಕದ ಮ್ಯಾಲಿಂದ ನೋಡಿ,
"ಪೀನಟ್ಸ್ ಅಂತ ತಿಳೀಬ್ಯಾಡ" ಅಂದ.
ತಿಳದಿತ್ತು. "ಇಲ್ರಿ" ಅಂದೆ.

ಮರುದಿನ ಸಾಬಮ್ಮ ಕಾಟಾದ ಬಾಜೂಕ
ಕ್ಯಾರಿಬ್ಯಾಗಿನ ಗಂಟು ಇಟ್ಟಳು. ಶೇಂಗಾ ಹಿಂಡಿ,
ಬಳ್ಳೊಳ್ಳಿ ಹಾಕಿ ಕುಟ್ಟಿದ್ದು, ಇನ್ನಾ ಬೆಚ್ಚಗಿತ್ತು.
ನಾ ರೊಟ್ಟಿ ಮುರದು ಹಚ್ಚಿಕೊಂಡೆ.
ಎರಡನೇ ಅರ್ಥ ಗಂಟಲದಾಗೇ ಉಳೀತು.

ಆಕಿ ಸೆರಗಿನಾಗ ಇನ್ನೊಂದು ಗಂಟು.
"ಹೈದರಾಬಾದಿನ ಸಾಹೇಬ್ರು
ಮತ್ತ ಯಾವಾಗ ಬರ್ತಾರ್ರಿ?
ಅವರಿಗೂ ಒಂದಿಷ್ಟು ತಗದಿಟ್ಟೀನಿ."