ಬರೆ

ಸೂರ್ ಪಟ್ಟಣದ ಮೀನುಪೇಟೆಯ ಹಿಂದೆ
ನಮ್ಮ ಟೈಪಿಂಗ್ ಅಂಗಡಿ: ಎರಡು ಕಂಪ್ಯೂಟರು, ಒಂದು ಜೆರಾಕ್ಸು.
ವೀಸಾ, ಬಾಡಿಗೆ ಕರಾರು, ಕಳೆದ ಪಾಸ್‌ಪೋರ್ಟಿನ ದೂರು,
ಕಂಡವರ ಬದುಕನ್ನು ಚೌಕಗಳಲ್ಲಿ ತುಂಬುವುದು ನನ್ನ ಕೆಲಸ,
ಪುಟಕ್ಕೆ ಐನೂರು ಬೈಸಾ.
ಇಂಡಿಯ ಮದರಸಾದಲ್ಲಿ ಕಲಿತ ಅರಬ್ಬೀ ಅಕ್ಷರ
ಇಲ್ಲಿ ರೊಟ್ಟಿಗಾಯಿತು.

ಗುರುವಾರ, ಕದ ಎಳೆಯುವ ಹೊತ್ತಿಗೆ,
ಮೊಮ್ಮಗನ ತೋಳು ಹಿಡಿದು ಬಂದಳು ಮೌಝಾ,
ಕಂಕುಳಲ್ಲಿ ಬಟ್ಟೆಯ ಗಂಟು.
ಹುಡುಗ ಸುತ್ತೋಲೆ ಮುಂದಿಟ್ಟ:
ಪರವಾನಗಿ ಇಲ್ಲದೆ ಇನ್ನು ಯಾರೂ
ರಕ್ತ ಹೀರುವ ಬಟ್ಟಲು ಇಡುವಂತಿಲ್ಲ,
ಮೂಳೆ ಕೂಡಿಸುವಂತಿಲ್ಲ, ಮೈ ಸುಡುವಂತಿಲ್ಲ.
ತಿಂಗಳೊಳಗೆ ಅರ್ಜಿ. ತಪ್ಪಿದರೆ ದಂಡ.

ವಿಭಾಗ ಆರಿಸಿ, ಎಂದಿತು ಪರದೆ.
ಹಿಜಾಮಾ. ಯುನಾನಿ. ಆಯುರ್ವೇದ. ಹೋಮಿಯೋಪತಿ. ಚೀನೀ ಸೂಜಿ.
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾರಿದೆ.
ಬೆಂಕಿ ಇರಲಿಲ್ಲ.

ಅವಳು ಗಂಟು ಬಿಚ್ಚಿದಳು. ಗೇಣುದ್ದದ ಕಬ್ಬಿಣ,
ತುದಿ ಮೊಳೆಯ ತಲೆಯಷ್ಟು,
ಹಿಡಿಗೆ ಸುತ್ತಿದ ಹಡಗಿನ ಹಗ್ಗ.
ಪ್ರಮಾಣಪತ್ರ ಇದೇ, ಎಂದಳು.
ಕೊಟ್ಟವರು? ಅಜ್ಜಿ.
ವರ್ಷ? ಈ ಊರಿಗೆ ರಸ್ತೆ ಬರುವ ಮುಂಚೆ.
ಸಂಖ್ಯೆ ಮಾತ್ರ ನಮೂದಿಸಿ, ಎಂದು ಕೆಂಪಾಯಿತು ಚೌಕ.
ಅಂದಾಜಿಗೆ ಅರವತ್ತು ವರ್ಷ ಎಂದು ಹಾಕಿದೆ.

ಸುಳ್ಳೇಕೆ, ನಗು ಬರುತ್ತಿತ್ತು ನನಗೆ. ಸಿಟ್ಟೂ.
ಹೋದ ವರ್ಷ ನಮ್ಮೂರ ಬಂದಗೀಸಾಬ
ಸಕ್ಕರೆ ಕಾಯಿಲೆಗೆಂದು ಯಾವನದೋ ಪುಡಿ ನುಂಗಿ
ಎರಡೂ ಕಿಡ್ನಿ ಕಳಕೊಂಡು ಸ್ಟ್ರೆಚರಿನಲ್ಲಿ ವಿಮಾನ ಹತ್ತಿದ.
ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ, ಒಳಗೆ ಸೀಸ.
ಅವನ ಕಾಗದ ಟೈಪು ಮಾಡಿದವಳೂ ನಾನೇ.
ಸುತ್ತೋಲೆ ಬರಲಿ, ಇನ್ನೂ ಹತ್ತು ಬರಲಿ, ಅಂದುಕೊಂಡಿದ್ದೆ ಆಗ.

ಕೊನೆಯ ಚೌಕ: ದುಷ್ಪರಿಣಾಮ ಉಂಟಾದ ಪ್ರಕರಣಗಳು.
ಇಲ್ಲ ಅಂತ ಹಾಕಿ, ಎಂದ ಹುಡುಗ.
ಎಲ್ಲರೂ ಹಾಗೇ ಹಾಕುತ್ತಾರೆ. ಬೆರಳು ಆಗಲೇ ಅಲ್ಲಿತ್ತು.
ನಿಲ್ಲು, ಎಂದಳು ಮೌಝಾ.

ಒಂದು ಇದೆ. ನನ್ನ ತಂಗಿಯ ಕೂಸು, ಐದು ದಿನದ್ದು,
ಕಣ್ಣು ಕೇಸರಿ ನೀರಿನ ಹಾಗೆ.
ಮೂರು ಕಡೆ ಇಟ್ಟೆ.
ಮೂರನೆಯದಕ್ಕೆ ಅಳಲಿಲ್ಲ.
ಅಲ್ಲಾಹನ ಇಚ್ಛೆ ಎಂದಿತು ಊರು.
ತಂಗಿ ಏನೂ ಅನ್ನಲಿಲ್ಲ, ನನ್ನ ಮನೆಯ ನೀರು ಮುಟ್ಟಲಿಲ್ಲ ಅಷ್ಟೇ.
ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಮಗಳೇ,
ನಿನ್ನ ಯಂತ್ರ ಕೇಳುತ್ತಿದೆ.
ಉಕ್ತುಬಿ.

ಬರೆ.
ಆ ಮಾತು ನನ್ನ ಭಾಷೆಗೆ ಬಂದು ಬಿದ್ದದ್ದು
ಹೊಕ್ಕುಳ ಸುತ್ತ, ಐದು ನಾಣ್ಯದ ಗುರುತುಗಳ ಮೇಲೆ.
"ಹನ್ನೊಂದ ದಿನದಾಕಿ, ಅರಿಷಿಣ ಆಗಿದ್ದಿ,
ಬರಿ ಹಾಕ್ಸಿದ್ದಕ್ಕ ಉಳದಿ" ಅನ್ನುತ್ತಾಳೆ ಅವ್ವ,
ಪ್ರತಿ ಸಲ ಅಷ್ಟೇ ಖಾತ್ರಿಯಿಂದ.
ಹಾಕಿದಾಕೆ ಯಾರೆಂದು ನಾನು ಕೇಳಿಲ್ಲ,
ಅವಳ ಕೈಯಲ್ಲಿ ಉಳಿಯದವರ ಲೆಕ್ಕವನ್ನಂತೂ.

ಬರೆದೆ. ಇನ್ನೂರು ಅಕ್ಷರಕ್ಕೆ ಪರದೆ ತಡೆಯಿತು.
'ತಂಗಿಯ' ಎಂಬುದನ್ನು ಅಳಿಸಿದೆ. ತಡೆಯದೆ ಮತ್ತೆ ಸೇರಿಸಿದೆ,
ಕೇಸರಿಯನ್ನು ತೆಗೆದೆ.
ಕೂಸಿನ ಹೆಸರು?
ಇಟ್ಟಿರಲಿಲ್ಲ. ಏಳನೆಯ ದಿನ ಬರಲೇ ಇಲ್ಲವಲ್ಲ.

ವಿಭಾಗದ ಚೌಕ ಖಾಲಿ ಇತ್ತು ಇನ್ನೂ. ಅರ್ಜಿ ಅಪೂರ್ಣ, ಉಳಿಸಲಾಗಿದೆ.
ಭಾನುವಾರ ಕಚೇರಿಗೆ ಫೋನು ಮಾಡಿ ಕೇಳುತ್ತೇನೆ, ಎಂದೆ.
ಹುಡುಗ ಕಾರು ತರಲು ಹೋದ.
ಇದನ್ನೂ ಅದರ ಜೊತೆ ಕಳಿಸು, ಎಂದು
ಮೇಜಿನ ಮೇಲೆ ಕಬ್ಬಿಣ ಬಿಟ್ಟು ಎದ್ದಳು ಮೌಝಾ.

ಎ.ಸಿ.ಗೆ ತಣ್ಣಗಾಗಿತ್ತು ಅದು.
ಬೇರೇನು ಮಾಡಲಿ, ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ
ಮುಚ್ಚಳ ಇಳಿಸಿದೆ. ಪೂರ್ತಿ ಮುಚ್ಚಲಿಲ್ಲ.
ಸಂದಿಯಿಂದ ಬೆಳಕು ಹೊರಬಿದ್ದು
ಎದುರಿನ ಗೋಡೆಗೊಂದು ಬರೆ ಎಳೆದು
ಹೋಯಿತು.