ಒಸಿ ಆಟ

ನೂರಡಿ ರಸ್ತೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ
ಜವರಪ್ಪ ನನ್ನ ಏಟ್ ಹಂಡ್ರೆಡ್ಡಿನ ಬಾನೆಟ್ಟೆತ್ತಿ
ಮೊದಲು ಏನನ್ನೂ ಮುಟ್ಟುವುದಿಲ್ಲ.
ಮೂಸುತ್ತಾನೆ.
ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಮೊಲಾಸಿಸ್ಸಿನ ಗಬ್ಬು,
ಅದರೊಳಗಿಂದ ಇದನ್ನು ಹೆಕ್ಕಿ ತೆಗೆಯುತ್ತದೆ ಅವನ ಮೂಗು.

‘ಸುಟ್ಟದೆ ಕಣಕ್ಕ’ ಅನ್ನುತ್ತಾನೆ,
ಹಾಲು ಸೀದ ಹೊತ್ತಿಗೇ ಮನೆಗೆ ಬಂದ ನೆಂಟನ ಹಾಗೆ.

ಗೊತ್ತು. ನಿನ್ನೆ ರೈಲ್ವೆ ಕೆಳಸೇತುವೆಯ ಏರಿನಲ್ಲಿ
ರೇಷ್ಮೆ ಇಲಾಖೆಯಲ್ಲಿದ್ದ ಪುಟ್ಟತಾಯಮ್ಮ,
ರಿಟೈರಾದ ಮೂರನೇ ವಾರಕ್ಕೇ ಸ್ಟೇರಿಂಗು ಹಿಡಿದವರು,
ಹಿಂದಿನ ಬಸ್ಸು ಹಾರನ್ ಒತ್ತಿದಷ್ಟೂ ಇವರು ರೇಸು ಒತ್ತಿದರು.
ಇಂಜಿನ್ನು ಬೊಬ್ಬೆ ಹೊಡೆಯಿತು.
ಗಾಡಿ ನಿಂತಲ್ಲೇ ನಿಂತಿತ್ತು.
ಎಲ್ ಬೋರ್ಡಿನ ಕೆಂಪು ನನ್ನ ಮುಖಕ್ಕೂ ಹತ್ತಿತ್ತು.

‘ಹ್ಯಾಂಡ್‌ಬ್ರೇಕ್ ಎಳಿ. ಮೂರಕ್ಕೆ ಹಾಕು.
ಈಗ ಕ್ಲಚ್ಚು ಮೆಲ್ಲಗೆ ಬುಡು.’
ಬಿಟ್ಟೆ. ಸಾಯಬೇಕಾದ ಇಂಜಿನ್ನು
ಏನೂ ಆಗದವರಂತೆ ಗುನುಗುತ್ತಲೇ ಇತ್ತು.
‘ನೋಡ್ದಾ? ಜಾರ್ತದೆ.’

ಮಂಡಿಯೂರಿ ಕುಳಿತು, ಪೆಡಲಿನ ಮೇಲೆ
ಅಂಗೈಯಿಟ್ಟ, ಕೂಸಿನ ಜ್ವರ ನೋಡುವಂತೆ.
‘ಆಟವೇ ಇಲ್ಲ. ಪ್ಲೇಟು ಸವೆದಷ್ಟೂ ಆಟ ಕಮ್ಮಿ ಆಯ್ತದೆ,
ಬೇರಿಂಗು ಹಗಲೂ ರಾತ್ರಿ ಉಜ್ತಾ ಕುಂತದೆ.
ಎರಡು ಬೆರಳಷ್ಟು, ಒಸಿ ಆಟ ಇರ್ಬೇಕು.
ಜಾಸ್ತಿ ಬುಟ್ರೆ ರಿವರ್ಸ್ ಹಲ್ಲು ಕಡೀತದೆ, ಅದೂ ಬ್ಯಾಡ.’

ಹತ್ತರ ಸ್ಪ್ಯಾನರಿಗೆ ಕೈ ಚಾಚಿದವನು
ತಟ್ಟನೆ ನನ್ನ ಕಡೆಗೆ ಬಗ್ಗಿದ,
ಕಲಿಸುವವರ ಸೀಟಿನ ಕೆಳಗೆ,
ಅಲ್ಲಿರುವ ಇನ್ನೊಂದು ಜೊತೆ ಪೆಡಲಿನತ್ತ.
ಹೆಬ್ಬೆರಳಲ್ಲಿ ಸವರಿದ.
ರಬ್ಬರಿನ ಗೆರೆಗಳೆಲ್ಲ ಅಳಿಸಿ
ಎಡ ಅಂಚು ಸೋಪಿನ ಚೂರಿನ ಹಾಗೆ ನುಣುಪಾಗಿತ್ತು.

ಏನೂ ಅನ್ನಲಿಲ್ಲ ಪುಣ್ಯಾತ್ಮ.
ಕೇಬಲ್ಲಿನ ನಟ್ಟನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಸಡಿಲಿಸಿದ.

ಹನ್ನೊಂದು ವರ್ಷ.
ದರ್ಜಿ ಅಂಗಡಿಯ ಹುಡುಗಿಯರು, ಆಲೆಮನೆಯ ಹುಡುಗರು,
ಪರೀಕ್ಷೆಗೆ ಮುಂಚೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಒಬ್ಬ ಮೇಷ್ಟರು:
ಎಲ್ಲರಿಗೂ ‘ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ’ ಎಂದು
ಹೇಳುತ್ತಲೇ ನಾನು ಇಟ್ಟುಕೊಂಡಿದ್ದೆ.
ಮುಟ್ಟಿಯೂ ಮುಟ್ಟದ ಹಾಗೆ.
ಪಕ್ಕದಲ್ಲಿ ಕುಳಿತವರ ಭಯ ಎಂದು ನಾನು ಬಿಲ್ಲು ಕಟ್ಟಿದ್ದರಲ್ಲಿ
ಎಷ್ಟು ಪ್ಲೇಟು ಯಾರದು?

‘ಇನ್ನೊಂದ್ಸಲ ನೋಡು.’
ಹ್ಯಾಂಡ್‌ಬ್ರೇಕ್. ಮೂರು. ಬಿಟ್ಟೆ.
ಗಡಗಡ ನಡುಗಿ ಪಟ್ಟಂತ ಸತ್ತಿತು ಇಂಜಿನ್ನು.
ಇಬ್ಬರೂ ನಕ್ಕೆವು.
‘ಆರ್ ತಿಂಗ್ಳು ಬತ್ತದೆ. ಆಮೇಕೆ ಪ್ಲೇಟು ಬದಲಾಯಿಸಲೇಬೇಕು.’
ಅರವತ್ತು ರೂಪಾಯಿ, ಒಂದು ಟೀ.

ಬೆಳಿಗ್ಗೆ ಅದೇ ಏರು, ಅದೇ ಬಸ್ಸೇ ಇರಬೇಕು.
ಪುಟ್ಟತಾಯಮ್ಮ ನನ್ನ ಕಡೆ ನೋಡಿದರು.
ನಾನು ಚಪ್ಪಲಿ ಬಿಚ್ಚಿ
ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡೆ,
ಊಟಕ್ಕೆ ಕುಳಿತವಳ ಹಾಗೆ.

‘ಅಯ್ಯೋ, ಕಾಲು ಇಳಿಸಿ ಮೇಡಂ!’
‘ನೀವು ಬಿಡಿ. ಮೆಲ್ಲಗೆ.
ಹಿಡಿಯುವ ಜಾಗ ಅದೇ ಹೇಳುತ್ತದೆ.’

ಗಾಡಿ ಒಂದು ಬೆರಳು ಹಿಂದೆ ಜಾರಿತು.
ನನ್ನ ಎಡಗಾಲು ತಾನಾಗಿ ಎದ್ದಿತು, ಗಾಳಿಯಲ್ಲೇ ನಿಂತಿತು.
ಆಮೇಲೆ, ಬಾನೆಟ್ಟು ಸ್ವಲ್ಪ ತಲೆಯೆತ್ತಿತು.