ಜರಡಿ

ಬಾಷಾನಗರದ ಹಿಂದೆ, ಟೈರಿನ ಹೊಗೆಯ ಕೆಳಗೆ,
ಹತ್ತೊಂಬತ್ತು ವರ್ಷ ಒಂದೇ ಭಟ್ಟಿಯ ಎರಡು ಬದಿ ನಾವು:
ಜೈತುನ್‌ಬಿ ಹುರಿಯುವವಳು, ನಾನು ಜರಡಿಯವಳು.
ಕಾದ ಮರಳಿಗೆ ಅವಳು ಅಕ್ಕಿ ಸುರಿದರೆ
ಮೂರು ಉಸಿರಿನೊಳಗೆ ಕಡಾಯಿ ತುಂಬ ಬಿಳಿ.
ಮರಳು ಕೆಳಗೆ, ಮಂಡಕ್ಕಿ ಮೇಲೆ.
ಮಾತಿಗೆ ಪುರುಸೊತ್ತಿರಲಿಲ್ಲ, ಬೇಕೂ ಇರಲಿಲ್ಲ.

ಕಳೆದ ಶ್ರಾವಣದಲ್ಲಿ ಒಂದೇ ಅಕ್ಕಿಗೆ ಎರಡು ಸಲ ಉಪ್ಪುನೀರು.
ಆಮೇಲೆ ಮೂರು ಸಲ.
ಹರಿಹರಕ್ಕೆ ಹೋದ ಹನ್ನೆರಡು ಚೀಲ ಹಾಗೇ ವಾಪಸ್ ಬಂತು.
ಸಂಜೆ ಮನೆಗೆ ಹೊರಟವಳು ಗೇಟಿನಲ್ಲಿ ನಿಂತು ಕೇಳಿದಳು,
"ಹಾಲಮ್ಮ, ನಮ್ಮ ಓಣಿ ಎಡಕ್ಕಾ?"
ನಕ್ಕುಬಿಟ್ಟೆ.
ಆ ನಗು ಇನ್ನೂ ಗಂಟಲಲ್ಲಿದೆ.

ಅರವತ್ತಕ್ಕೆ ಅರಳು ಮರಳು ಅಂದರು ಜನ.
ಅವಳಿಗಿನ್ನೂ ಐವತ್ತೆಂಟು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆಯ ಚಿತ್ರ ತೋರಿಸಿದರು.
"ನೆನಪು ಕಟ್ಟುವ ಜಾಗ ಇದು, ಕಡಲ್ಗುದುರೆಯ ಆಕಾರ."
ಕಡಲು ನಾವಿಬ್ಬರೂ ಕಂಡವರಲ್ಲ.
ನನಗೆ ಕಂಡದ್ದು ಬಿಸಿಲಿಗೆ ಮುರುಟಿದ ಹುಣಸೆಕಾಯಿ.
"ಇದು ವಯಸ್ಸಲ್ಲ, ಕಾಯಿಲೆ.
ಕೋಶಗಳ ಸಂದಿನಲ್ಲಿ ಜಿಗುಟು ಕಸ.
ಹದಿನೈದಿಪ್ಪತ್ತು ವರ್ಷದಿಂದ ಕೂರುತ್ತಾ ಬಂದಿರಬೇಕು."

ಹದಿನೈದಿಪ್ಪತ್ತು ವರ್ಷ!
ನಾನು ಜರಡಿ ಹಿಡಿದು
ಎದುರಿಗೇ ನಿಂತಿದ್ದೆನಲ್ಲ.

"ಕೋಶದ ಒಳಗೂ ನೂಲು ಸಿಕ್ಕಾಗಿದೆ" ಅಂದಾಗ
ಜೈತುನ್‌ಬಿ ತಲೆಯೆತ್ತಿದಳು, ಮಿಲ್ಲಿನ ಸೈರನ್ನಿನಷ್ಟು ಸ್ಪಷ್ಟ:
"ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದ.
ಸಿಕ್ಕು ಬಿಡಿಸೋಕೆ ನನ್ನನ್ನೇ ಕೂರಿಸ್ತಿದ್ದ."
ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಹೊಸ ಮದ್ದು ಬಂದಿದೆಯಂತೆ.
ನರದೊಳಗೆ ಹನಿಹನಿಯಾಗಿ ಇಳಿದು
ಆ ಕಸವನ್ನು ಹುಡುಕಿ ಹೊರಗೆ ಹಾಕುತ್ತದಂತೆ.
"ಜರಡಿ ಅನ್ನಿ" ಅಂದೆ.
"ಜರಡಿಯೇ. ಆದರೆ ಉದುರಿಹೋದದ್ದು ವಾಪಸ್ ಬರಲ್ಲ ಅಮ್ಮ,
ಜಾರುವುದು ಸ್ವಲ್ಪ ನಿಧಾನವಾಗುತ್ತೆ, ಅಷ್ಟೇ.
ಕೆಲವರಿಗೆ ಮಿದುಳು ಊದಿಕೊಳ್ಳುತ್ತೆ, ರಕ್ತ ಒಸರುತ್ತೆ.
ಮೊದಲ ಮೆಟ್ಟಿಲಲ್ಲಿ ಇರುವವರಿಗೆ ಮಾತ್ರ ಕೊಡೋದು."

ಚೀಟಿಯ ಹಿಂದೆ ಬೆಲೆ ಬರೆದರು.
ಅದನ್ನು ಮಂಡಕ್ಕಿ ಚೀಲದಲ್ಲಿ ಎಣಿಸತೊಡಗಿದೆ,
ಈ ಸಲ ಲೆಕ್ಕ ತಪ್ಪಿದವಳು ನಾನು.

ಇವಳು ಯಾವ ಮೆಟ್ಟಿಲಲ್ಲಿದ್ದಾಳೆ?
ಹೇಳಲು ಒಂದು ಸಿರಿಂಜಿನಷ್ಟು ರಕ್ತ
ಐಸಿನ ಡಬ್ಬಿಯಲ್ಲಿ ರಾತ್ರಿ ರೈಲು ಹತ್ತಿತು.
ಉತ್ತರ ಬಂದಿಲ್ಲ.

ಉಪ್ಪುನೀರಿನ ಕೊಡ ಈಗ ನನ್ನ ಕಡೆ.
ಕೈಯ ನೆನಪು ತಲೆಯಲ್ಲಿ ಬೇರೆ ಕಡೆ ಇರುತ್ತೆ,
ಅದು ತಡವಾಗಿ ಹೋಗುತ್ತೆ ಎಂದಿದ್ದರು ಡಾಕ್ಟರಮ್ಮ.
ನಿಜ. ನಾಲ್ಕು ಕಾಳು ಮರಳಿಗೆ ಎಸೆದು
ಕಿವಿ ಓರೆ ಮಾಡಿ ಕೇಳುತ್ತಾಳೆ, ಥೇಟ್ ಮೊದಲಿನ ಹಾಗೆ.

ನಿನ್ನೆಯಿಂದ ನಾನು ಮುನ್ನಿ,
ಎಂದೋ ತೀರಿಕೊಂಡ ಅವಳ ತಂಗಿ.
ಕರೆದರೆ ಹೂಂ ಅನ್ನುತ್ತೇನೆ.

"ಹಾಕು ಮುನ್ನಿ, ಕಾದಿದೆ."

ಹಾಕಿದೆ.
ಕಾದಿತ್ತು.